ಅವಳು ಲಿಫ್ಟ್‌ನಲ್ಲಿ ಇರಲೇ ಇಲ್ಲ

ಇದು ನಡೆದದ್ದು ಕಳೆದ ವರ್ಷದ ಬೇಸಿಗೆ ರಜೆಯಲ್ಲಿ. ವರ್ಷ ಕಳೆದಿದೆ, ಕೋಪ ಮಾತ್ರ ಇನ್ನೂ ಇಳಿದಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾವಿರುವುದು ನಾಗಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಆರು ಮಹಡಿಗೂ ಸೇರಿ ಇರುವುದು ಒಂದೇ ಲಿಫ್ಟ್. ನಮ್ಮ ಮನೆ ಐದನೇ ಮಹಡಿಯಲ್ಲಿದೆ. ನಾನು ಪೀಣ್ಯದ ಪಂಪ್ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗಂಡ ಗಿರೀಶ್, ಮಗಳು ಚಾರ್ವಿ, ನಾನು, ಹೀಗೆ ಮೂರು ಜನರ ಸಂಸಾರ. ದಾವಣಗೆರೆಯಿಂದ ಅತ್ತೆ ಆಗಾಗ ಬಂದು ಇದ್ದು ಹೋಗುತ್ತಾರೆ. ಚಾರ್ವಿಗೆ ಆಗ ಐದು ವರ್ಷ.

ನಮ್ಮ ಎದುರು ಮನೆಯವರು ವಿಜಯಪುರದ ಕಡೆಯವರು. ಬಸವರಾಜ್ ಪೀಣ್ಯದಲ್ಲೇ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್. ಹೆಂಡತಿ ಮಹಾದೇವಿ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಅವರ ಒಬ್ಬಳೇ ಮಗಳು ಭೂಮಿಕಾ. ಆಗ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಎತ್ತರದ ಹುಡುಗಿ, ದುಂಡು ಕೆನ್ನೆ, ಮೈಯೂ ದಪ್ಪ. ಎರಡು ಜಡೆ ಹಾಕಿ, ಅದಕ್ಕೆ ಬಟ್ಟೆಯದೇ ಬಣ್ಣದ ಟೇಪು ಕಟ್ಟಿಕೊಂಡು ಅಚ್ಚುಕಟ್ಟಾಗಿ ಇರುತ್ತಿದ್ದಳು. ಚಾರ್ವಿಗೆ ಮೂರು ವರ್ಷವಿದ್ದಾಗ ಆ ಹುಡುಗಿಯ ಸೊಂಟ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ನಾನು ಕೆಲಸದಿಂದ ಬರುವುದು ತಡವಾದರೆ ಭೂಮಿಕಾಳೇ ಅವಳಿಗೆ ಊಟ ಮಾಡಿಸುತ್ತಿದ್ದಳು. ನಮ್ಮ ಮಗಳಿಗೆ ಊಟಕ್ಕೂ ಭೂಮಿ ಅಕ್ಕನೇ ಬೇಕು, ನಿದ್ದೆಗೂ ಭೂಮಿ ಅಕ್ಕನೇ ಬೇಕು.

ಅಂಥ ಮಗು ಆ ರಜೆಯಲ್ಲಿ ಒಂದು ಸಂಜೆ ಆಟ ಮುಗಿಸಿ ಬಂದು, ಚಪ್ಪಲಿ ಬಿಡುತ್ತಾ ಹೇಳಿತು: "ಅಮ್ಮ, ನಾನಿನ್ನು ಭೂಮಿ ಅಕ್ಕನ ಪಕ್ಕ ಕೂರಲ್ಲ."

"ಯಾಕೆ ಪುಟ್ಟಿ? ಜಗಳ ಆಡಿದ್ರಾ?"

"ಇಲ್ಲ. ಅವಳು ದಪ್ಪ. ದಪ್ಪ ಇರೋರು ಗಲೀಜು."

"ಯಾರು ಹಾಗಂದೋರು?"

"ಎಲ್ಲಾರ್ಗೂ ಗೊತ್ತು."

ದಿನಾ ಎರಡು ಹೊತ್ತು ಸ್ನಾನ ಮಾಡುವ ಆ ಹುಡುಗಿ ಗಲೀಜೇ? ಗದರಿದೆ, ಬುದ್ಧಿ ಹೇಳಿದೆ. ಚಾರ್ವಿ ಸುಮ್ಮನೆ ಗೋಡೆ ನೋಡುತ್ತಾ ನಿಂತಳು. ಟಿವಿ ನೋಡುತ್ತಿದ್ದ ಗಿರೀಶ್, "ಮಕ್ಕಳು ಕಣೇ, ನಾಳೆ ಮರೆತ್ಬಿಡ್ತಾರೆ, ಬಿಡು" ಎಂದರು.

ಮರೆಯುವ ವಿಷಯವಾಗಿರಲಿಲ್ಲ ಅದು. ಐದು ವರ್ಷದ ಮಗು ಇಂಥ ಮಾತನ್ನು ತಾನಾಗಿ ಹುಟ್ಟಿಸಿಕೊಳ್ಳುವುದಿಲ್ಲ. ಎಲ್ಲಿಂದಲೋ ಹೊತ್ತು ತಂದಿರುತ್ತದೆ. ಎಲ್ಲಿಂದ ಎಂದು ಗಮನಿಸತೊಡಗಿದೆ. ಬಹಳ ಹುಡುಕಬೇಕಾಗಲಿಲ್ಲ.

ಮಾರನೆಯ ದಿನವೇ ಲಿಫ್ಟ್‌ನಲ್ಲಿ ಉತ್ತರ ಸಿಕ್ಕಿತು. ನಾನು, ಚಾರ್ವಿ, ಮೂರನೇ ಮಹಡಿಯ ಸುನಂದಾ, ಅವರ ಮಗ, ಇನ್ನೂ ಇಬ್ಬರು ಒಳಗಿದ್ದೆವು. ಭೂಮಿಕಾ ಮೊಸರಿನ ಪ್ಯಾಕೆಟ್ ಹಿಡಿದು ಓಡಿ ಬಂದಳು. ಸುನಂದಾ ನಗುತ್ತಾ, "ಏನೇ ಭೂಮಿ, ನೀನು ಹತ್ತಿದ್ರೆ ನಾವೆಲ್ಲಾ ಇಳೀಬೇಕಾಗುತ್ತೆ ಕಣೇ!" ಎಂದರು. ಅವರ ಮಗ ತಕ್ಷಣ "ಭೂಕಂಪ! ಭೂಕಂಪ!" ಎಂದು ಕುಣಿದ. ಭೂಮಿಕಾ ಎಂಬ ಚೆಂದದ ಹೆಸರನ್ನು ಮಕ್ಕಳು ಹಾಗೆ ಮಾಡಿದ್ದರು. ಅವಳು ಏನೂ ಹೇಳದೆ ಹಿಂದೆ ಸರಿದಳು. "ಬಾಮ್ಮ, ಜಾಗ ಇದೆ" ಎಂದು ನಾನು ಕರೆಯುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು.

ಆಮೇಲೆ ಎಲ್ಲಿ ನೋಡಿದರೂ ಅದೇ. ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷರು ಹಿರಿಯರು, ನಿವೃತ್ತರು, ಸಂಜೆ ಹೊತ್ತು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುವವರು. ಅವಳ ಕೆನ್ನೆ ಹಿಂಡಿ, "ಯಾವ ಅಂಗಡಿ ಅಕ್ಕಿ ಕಣಮ್ಮಾ ನಿಮ್ಮನೇಲಿ? ನಮಗೂ ಅಡ್ರೆಸ್ ಕೊಡು" ಎನ್ನುತ್ತಿದ್ದರು. ಒಂದು ಹುಟ್ಟುಹಬ್ಬದಲ್ಲಿ ಕೇಕ್ ಹಂಚುತ್ತಿದ್ದಾಕೆ ಎಲ್ಲ ಮಕ್ಕಳಿಗೂ ಒಂದೊಂದು ತುಂಡು ಕೊಟ್ಟು, ಭೂಮಿಕಾಳ ಸರದಿ ಬಂದಾಗ ಚಾಕುವಿನಿಂದ ಅರ್ಧ ಮಾಡಿ, "ನಿನಗೆ ಇಷ್ಟು ಸಾಕಲ್ವಾ ಚಿನ್ನಾ?" ಎಂದರು. ತಟ್ಟೆ ಹಿಡಿದು ನಿಂತಿದ್ದ ಮಕ್ಕಳೆಲ್ಲ ಅದನ್ನು ನೋಡಿದವು.

ನಮ್ಮ ಮನೆಯೇನು ಬೇರೆಯಾಗಿರಲಿಲ್ಲ. ಚಾರ್ವಿ ಎರಡನೇ ಸಲ ತುಪ್ಪ ಕೇಳಿದಾಗ ಅತ್ತೆ, "ಹಂಗೇ ತಿಂತಾ ಹೋಗು, ಎದುರುಮನಿ ಹುಡುಗಿ ತರ ಆಗ್ತಿ ನೋಡು" ಎಂದರು.

"ಅತ್ತೆ, ಮಗು ಮುಂದೆ ಹಾಗೆಲ್ಲಾ ಹೇಳ್ಬೇಡಿ" ಎಂದೆ.

"ಅಯ್ಯ, ನಾನೇನು ಬೈದೆನೇನೇ? ಇದ್ದದ್ದು ಹೇಳಿದೆ ಅಷ್ಟೆ" ಎಂದು ಅವರು ಮುಖ ಊದಿಸಿಕೊಂಡರು.

ಯಾರೂ ಬೈಯುತ್ತಿರಲಿಲ್ಲ ಎಂಬುದು ನಿಜ. ಎಲ್ಲರೂ ನಗುನಗುತ್ತಲೇ ಹೇಳುತ್ತಿದ್ದರು. ಮಕ್ಕಳು ಅದನ್ನೇ ತೆಗೆದುಕೊಂಡು ಹೋಗಿ ಪಾರ್ಕಿಂಗ್ ಜಾಗದಲ್ಲಿ ನಗುವಿಲ್ಲದೆ ಹೇಳುತ್ತಿದ್ದವು. ಕಣ್ಣಾಮುಚ್ಚಾಲೆಗೆ ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಏಕೆಂದರೆ ಕಂಬದ ಹಿಂದೆ ಅವಳು ಕಾಣುತ್ತಾಳಂತೆ. ಓಟದ ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅವಳಿದ್ದರೆ ತಂಡ ಸೋಲುತ್ತದಂತೆ. ಲಿಫ್ಟ್ ಓವರ್‌ಲೋಡ್ ಎಂದು ಕೂಗಿದರಂತೂ, ಒಳಗೆ ಯಾರು ಎಷ್ಟು ಜನ ಇದ್ದಾರೆ ಎಂದು ನೋಡುವ ಪ್ರಶ್ನೆಯೇ ಇರಲಿಲ್ಲ. "ಭೂಕಂಪ, ಇಳಿ!" ಎಂದರೆ ಆಯಿತು. ಅವಳು ಇಳಿಯುತ್ತಿದ್ದಳು.

ಹೀಗಿರುವಾಗ ಆ ಶನಿವಾರ ಬಂತು. ನನಗೆ ರಜೆ. ಮಧ್ಯಾಹ್ನದ ಅಡುಗೆ ಮುಗಿಯುತ್ತಾ ಬಂದಿತ್ತು. ಕೆಳಗೆ ಆಡಲು ಹೋಗಿದ್ದ ಚಾರ್ವಿ ಇನ್ನೇನು ಬರುವ ಹೊತ್ತು. ಕರೆಂಟು ಹೋಯಿತು. ನಮ್ಮಲ್ಲಿ ಕರೆಂಟು ಹೋಗುವುದೇನೂ ಹೊಸದಲ್ಲ. ನಾನು ಒಲೆ ಮುಂದೆಯೇ ಇದ್ದೆ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ಭೂಮಿಕಾ. ಮುಖವೆಲ್ಲ ಬೆವರು, ಮಾತಾಡಲು ಉಸಿರಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

"ಆಂಟಿ... ಲಿಫ್ಟ್ ನಿಂತ್ಬಿಟ್ಟಿದೆ. ಮಧ್ಯದಲ್ಲಿ. ಚಾರ್ವಿ ಒಳಗಿದಾಳೆ, ಅಳ್ತಿದಾಳೆ. ಸೆಕ್ಯುರಿಟಿ ಅಂಕಲ್‌ಗೂ ಹೇಳ್ದೆ. ನೀವು ಬೇಗ ಬನ್ನಿ."

ಒಲೆ ಆರಿಸಿದೆನೋ ಇಲ್ಲವೋ ಎಂಬ ಅರಿವೂ ಇಲ್ಲದೆ ಮೆಟ್ಟಿಲಿಳಿದು ಓಡಿದೆ. ಲಿಫ್ಟ್ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಐದಾರು ಮಕ್ಕಳು, ಒಬ್ಬ ದೊಡ್ಡವರೂ ಇಲ್ಲ. ಕತ್ತಲೆ, ಸೆಕೆ. ಎಲ್ಲವೂ ಒಟ್ಟಿಗೆ ಕಿರುಚುತ್ತಿದ್ದವು. ಆ ಗಲಾಟೆಯ ನಡುವೆ ನನ್ನ ಮಗಳ ದನಿ ಬೇರೆಯಾಗಿ ಕೇಳಿಸಿತು.

ಆಮೇಲೆ ಗೊತ್ತಾದದ್ದು ಇಷ್ಟು. ಎಲ್ಲ ಮಕ್ಕಳೂ ಒಟ್ಟಿಗೆ ಲಿಫ್ಟ್ ಹತ್ತಿದ್ದವು. ಭೂಮಿಕಾಳೂ ಹತ್ತಲು ಬಂದಿದ್ದಳು. ಓವರ್‌ಲೋಡ್ ಶಬ್ದವೂ ಬಂದಿರಲಿಲ್ಲ. ಬರುತ್ತದೆ ಎಂದು ಮೊದಲೇ ಹೇಳಿ, ಸುನಂದಾ ಅವರ ಮಗ ಅವಳನ್ನು ಹೊರಗೆ ತಳ್ಳಿದ್ದ. ಅವಳು ಮೆಟ್ಟಿಲು ಹತ್ತಿಕೊಂಡು ಬರುತ್ತಿದ್ದಾಗ ಒಳಗಿನ ಅಳು ಕೇಳಿಸಿತು. "ಬಾಗಿಲು ಎಳೀಬೇಡಿ, ಎಲ್ರೂ ಕೆಳಗೆ ಕೂತ್ಕೊಳ್ಳಿ, ನಾನು ಕರ್ಕೊಂಡ್ಬರ್ತೀನಿ" ಎಂದು ಹೊರಗಿನಿಂದ ಕೂಗಿ ಹೇಳಿ, ಕೆಳಗೆ ಓಡಿದ್ದಾಳೆ. ಸೆಕ್ಯುರಿಟಿಯವರು ಜಾಗದಲ್ಲಿರಲಿಲ್ಲ. ಹಿಂದೆ ಪಂಪ್ ರೂಮಿನಲ್ಲಿದ್ದವರನ್ನು ಹುಡುಕಿ ಹೇಳಿ, ಅಲ್ಲಿಂದ ಐದನೇ ಮಹಡಿಗೆ ಓಡಿ ಬಂದಿದ್ದಾಳೆ.

ಲಿಫ್ಟ್ ಕಂಪನಿಗೆ ಫೋನ್ ಹೋಯಿತು. ಮೆಕ್ಯಾನಿಕ್ ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾನೆ, ಬರುತ್ತಿದ್ದಾನೆ ಎಂದರು. ಅಷ್ಟರಲ್ಲಿ ಮೂರನೇ ಮಹಡಿಯಲ್ಲಿ ಜನ ಸೇರಿಬಿಟ್ಟರು. ದೊಡ್ಡವರಾದ ನಾವು ಏನು ಮಾಡಿದೆವು? ಸುನಂದಾ ಬಾಗಿಲು ಬಡಿದು "ಅಯ್ಯೋ ನನ್ನ ಮಗನೇ" ಎಂದು ಅಳತೊಡಗಿದರು. ಇನ್ನೊಬ್ಬರು ಕಬ್ಬಿಣದ ಸಲಾಕೆ ತರಲು ಹೋದರು. ಅಧ್ಯಕ್ಷರು ಫೋನಿನಲ್ಲಿ ಯಾರನ್ನೋ ಜೋರಾಗಿ ಬೈಯುತ್ತಿದ್ದರು. ನಮ್ಮ ಗದ್ದಲ ಕೇಳಿ ಒಳಗಿನ ಮಕ್ಕಳು ಇನ್ನೂ ಜೋರಾಗಿ ಕಿರುಚಿದವು.

ಭೂಮಿಕಾ ಜನರ ನಡುವೆ ನುಸುಳಿ ಬಾಗಿಲ ಬಳಿ ನೆಲದ ಮೇಲೆ ಕುಳಿತಳು. ಸಂದಿಗೆ ಬಾಯಿಟ್ಟು, "ಚಾರ್ವಿ, ನಾನು ಭೂಮಿ ಅಕ್ಕ. ನಿಮ್ಮಮ್ಮ ಬಂದಿದಾರೆ, ಇಲ್ಲೇ ಇದಾರೆ. ಬಾ, ಅಂತ್ಯಾಕ್ಷರಿ ಆಡೋಣ. ನೀನು ಯಾವ ಹಾಡು ಹೇಳ್ತೀಯ?" ಎಂದಳು.

ಮೊದಲು ಉತ್ತರವಿರಲಿಲ್ಲ. ಅವಳೇ ಹಾಡಿದಳು. ಇನ್ನೊಂದು ಹಾಡಿದಳು. ಒಳಗಿನಿಂದ ಬಿಕ್ಕುತ್ತಲೇ ಒಂದು ಸಣ್ಣ ದನಿ ಸೇರಿಕೊಂಡಿತು, ಆಮೇಲೆ ಇನ್ನೊಂದು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಹಾಡಿಸಿದಳು. ತನ್ನನ್ನು ತಳ್ಳಿದ ಹುಡುಗನನ್ನೂ, "ಈಗ ನಿನ್ನ ಸರದಿ ಕಣೋ" ಎಂದು ಕರೆದಳು. ಮೆಕ್ಯಾನಿಕ್ ಬರುವವರೆಗೂ ಅವಳು ಅಲ್ಲಿಂದ ಏಳಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತು ಬಾಗಿಲಿಗೆ ಕೈಯಿಟ್ಟುಕೊಂಡಿದ್ದೆ, ಅಷ್ಟೆ.

ಮೆಕ್ಯಾನಿಕ್ ಬಂದ. ಬಾಗಿಲು ತೆರೆದು ಒಂದೊಂದೇ ಮಗುವನ್ನು ಮೇಲೆತ್ತಿ ಕೊಟ್ಟ. ಚಾರ್ವಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ನಿಲ್ಲಿಸಬೇಕಾದ ಬ್ಯಾಟರಿ ಹಾಳಾಗಿತ್ತು ಎಂದು ಅವನು ಹೇಳಿದ. ಎಲ್ಲರಿಗೂ ಹೋದ ಜೀವ ಬಂದಂತಾಗಿತ್ತು. ನೀರು ಕುಡಿಸುವವರು, ಮುಖ ಒರೆಸುವವರು.

ಆಗ ಅಧ್ಯಕ್ಷರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾ ಹೇಳಿದರು: "ಏನೋ ದೇವರು ದೊಡ್ಡವನು, ಭೂಮಿಕಾ ಒಳಗಿರ್ಲಿಲ್ಲ. ಇದ್ದಿದ್ರೆ ಲಿಫ್ಟು ಸೀದಾ ಪಾತಾಳಕ್ಕೇ!"

ಎಲ್ಲರೂ ನಕ್ಕರು. ಹೋ ಎಂದು ನಕ್ಕರು. ಕಣ್ಣೀರು ಇನ್ನೂ ಆರದ ಮಕ್ಕಳು ನಕ್ಕವು. ನನ್ನ ಸೊಂಟದ ಮೇಲಿದ್ದ ನನ್ನ ಮಗಳೂ ನಕ್ಕಳು. ನೆಲದಿಂದ ಏಳುತ್ತಾ, ಬಟ್ಟೆಯ ಧೂಳು ಕೊಡವಿಕೊಳ್ಳುತ್ತಿದ್ದ ಭೂಮಿಕಾಳೂ ನಕ್ಕಳು.

ನನಗೆ ತಡೆಯಲಾಗಲಿಲ್ಲ. "ಸಾರ್, ಇದರಲ್ಲಿ ನಗೋಕೆ ಏನಿದೆ?" ಎಂದೆ.

"ಅಯ್ಯೋ, ತಮಾಷೆಗೆ ಮೇಡಂ. ಟೆನ್ಷನ್ ಕಮ್ಮಿಯಾಗ್ಲಿ ಅಂತ."

"ನಮ್ಮ ಟೆನ್ಷನ್ ಕಮ್ಮಿ ಮಾಡಿದ್ದು ಆ ಹುಡುಗಿ ಸಾರ್. ನೀವಲ್ಲ, ನಾನಲ್ಲ. ಅವಳಿಗೆ ಒಂದು ಲೋಟ ನೀರು ಕೊಟ್ರಾ ಯಾರಾದ್ರೂ?"

"ಹೋಗ್ಲಿ ಬಿಡಿ, ಗಾಬರಿಯಲ್ಲಿದೀರಾ" ಎಂದು ಸುನಂದಾ ನನ್ನ ಭುಜ ತಟ್ಟಿದರು. ತಿರುಗಿ ನೋಡಿದರೆ ಭೂಮಿಕಾ ಆಗಲೇ ಮೆಟ್ಟಿಲು ಹತ್ತಿ ಹೋಗಿದ್ದಳು.

ಮನೆಗೆ ಬಂದು ಚಾರ್ವಿಗೆ ಮೈ ತೊಳೆಸಿ, ಅನ್ನ ಕಲಸಿ ತಿನ್ನಿಸುತ್ತಿದ್ದೆ. ಅವಳು ಗಂಭೀರವಾಗಿ ಹೇಳಿದಳು: "ಭೂಮಿ ಅಕ್ಕ ಹತ್ತಿದ್ದಕ್ಕೇ ಲಿಫ್ಟ್ ಕೆಟ್ಟೋಗಿದ್ದು."

"ಅವಳು ಒಳಗೆ ಇರ್ಲೇ ಇಲ್ವಲ್ಲ ಪುಟ್ಟಿ?"

"ನಿನ್ನೆ ಹತ್ತಿದ್ಲಲ್ಲ."

"ನೀನು ಅಳ್ತಿದ್ದಾಗ ನಿನ್ನ ಜೊತೆ ಯಾರು ಹಾಡು ಹೇಳಿದ್ದು?"

"ಭೂಮಿ ಅಕ್ಕ."

"ಓಡಿ ಬಂದು ಅಮ್ಮನ್ನ ಕರೆದಿದ್ದು ಯಾರು?"

"ಭೂಮಿ ಅಕ್ಕ."

"ಮತ್ತೆ ಲಿಫ್ಟ್ ಕೆಡಿಸಿದ್ದು ಯಾರು?"

ಒಂದು ಕ್ಷಣವೂ ಯೋಚಿಸಲಿಲ್ಲ. "ಭೂಮಿ ಅಕ್ಕ."

ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಎಲ್ಲವೂ ಆ ಮಗುವಿನ ತಲೆಯಲ್ಲಿತ್ತು. ಆದರೂ ತಪ್ಪು ಯಾರದು ಎಂಬುದು ಅವಳಿಗೆ ಮೊದಲೇ ತೀರ್ಮಾನವಾಗಿ ಹೋಗಿತ್ತು. ಅಷ್ಟರಲ್ಲಿ ಮನೆಗೆ ಬಂದಿದ್ದ ಗಿರೀಶ್ ಕೂಡ ಈ ಸಲ "ಮಕ್ಕಳು ಕಣೇ, ಬಿಡು" ಎನ್ನಲಿಲ್ಲ.

ಸಂಜೆ ಎದುರು ಮನೆಗೆ ಹೋದೆ. ಭೂಮಿಕಾ ಮಲಗಿದ್ದಳು. ಮಹಾದೇವಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಮಗಳು ಏನೂ ಹೇಳಿರಲಿಲ್ಲವಂತೆ. ನಡೆದದ್ದನ್ನೆಲ್ಲ ಹೇಳಿ, "ನಿಮ್ಮ ಮಗಳು ಇರದಿದ್ರೆ ನಮ್ಮ ಮಕ್ಕಳ ಗತಿ ಏನಾಗ್ತಿತ್ತೋ. ಚಿನ್ನದಂಥ ಹುಡುಗಿ" ಎಂದೆ.

ಅವರು ಬಟ್ಟೆಯನ್ನು ಪಕ್ಕಕ್ಕಿಟ್ಟರು. "ಹೇಳಾಕ ಬಂದ್ರಲ್ಲ ಅಕ್ಕಾರ, ಸಂತೋಷ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳು ಯಾರನ್ನರ ಉಳಿಸಿದ್ರಷ್ಟ ಚಲೋ ಹುಡುಗಿ ಏನ್ರೀ? ಸುಮ್ನ ಇದ್ರ ಅಲ್ಲೇನು?"

ನಾನು ಅವರ ಪಕ್ಕ ನೆಲದ ಮೇಲೆ ಕುಳಿತೆ. ಅವರೇ ಮುಂದುವರಿಸಿದರು.

"ನಾಕ ತಿಂಗಳಾತು, ಆಕಿ ಒಬ್ಬಾಕಿ ಇದ್ರೂ ಲಿಫ್ಟ್ ಹತ್ತಾಕ ಅಂಜತಾಳ, ತನ್ನ ಭಾರಕ್ಕ ನಿಂತಬಿಡ್ತೈತಿ ಅಂತ. ಶಾಲಿ ಇದ್ದಾಗ ಒಯ್ದ ಡಬ್ಬಿ ಹಂಗ ವಾಪಸ್ ಬರ್ತಿತ್ತು. ಎಲ್ಲಾರ ಮುಂದ ತಿನ್ನಾಕ ನಾಚಿಕಿ ಅಂತ. ಮೊನ್ನೆ ಏನಂದ್ಲು ಗೊತ್ತೇನ್ರೀ? 'ಅವ್ವಾ, ನನ್ನ ಹೆಸರು ಬದಲಿ ಮಾಡು' ಅಂದ್ಲು. ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ವಿ. ಬೆಳೆಯೋ ಹುಡುಗಿ, ಉಪವಾಸ ಕೆಡವಬ್ಯಾಡ್ರಿ, ಚಂದಾಗಿ ಆಡ್ಲಿ ಬಿಡ್ರಿ ಅಂದ್ರು. ಎಲ್ಲಿ ಆಡಬೇಕ್ರೀ? ಯಾರ ಜೋಡಿ ಆಡಬೇಕು? ಆಟಕ್ಕ ಕರ್ಕೊಳ್ಳೂದಿಲ್ಲ, ಮತ್ತ ಮೈಗಳ್ಳಿ ಅಂತಾವ."

ಅವರು ಅಳಲಿಲ್ಲ. ನನಗೂ ಅಳು ಬರಲಿಲ್ಲ, ಕೋಪ ಬಂತು. ಒಂದು ಮಗುವನ್ನು ಊಟದಿಂದ, ಆಟದಿಂದ, ಕೊನೆಗೆ ತನ್ನ ಹೆಸರಿನಿಂದಲೂ ಓಡಿಸಿ, ಅದಕ್ಕೆ ತಮಾಷೆ ಎಂದು ಹೆಸರಿಟ್ಟಿದ್ದೆವು.

ಮುಂದಿನ ವಾರ ಲಿಫ್ಟ್ ರಿಪೇರಿಯ ವಿಷಯಕ್ಕೆ ಅಸೋಸಿಯೇಷನ್ ಸಭೆ ಕರೆದರು. ಕೊನೆಯಲ್ಲಿ ಅಧ್ಯಕ್ಷರು, "ನಮ್ಮ ಭೂಮಿಕಾಳ ಸಮಯಪ್ರಜ್ಞೆಗೆ ಒಂದು ಶಾಲು ಹೊದಿಸಿ ಸನ್ಮಾನ ಮಾಡೋಣ" ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಬಸವರಾಜ್ ಎದ್ದು ನಿಂತರು. ಸಭೆಗಳಲ್ಲಿ ಎಂದೂ ಬಾಯಿ ತೆರೆಯದ ಮನುಷ್ಯ ಅವರು.

"ಸನ್ಮಾನ ಬ್ಯಾಡ್ರಿ ಸಾರ್. ಆಕಿನ್ನ ಆಕಿ ಹೆಸರಿಂದ ಕರೀರಿ. ಅಷ್ಟ ಸಾಕು."

ಸುನಂದಾ ಎದ್ದರು. "ನಾವೇನು ದ್ವೇಷದಿಂದ ಹೇಳ್ತೀವಾ? ಪ್ರೀತಿಯಿಂದ, ಅವಳ ಒಳ್ಳೇದಕ್ಕೇ ತಾನೇ ಹೇಳೋದು?"

"ಒಳ್ಳೇದಕ್ಕೆ ಹೇಳಿದ್ರೆ ಅವಳು ಯಾಕ್ರೀ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಹೋಗ್ತಾಳೆ?" ಎಂದು ನಾನು ಕೇಳಿದೆ.

ಹಿಂದಿನಿಂದ ಯಾರೋ, "ಒಳ್ಳೇದಾಯ್ತಲ್ಲ, ಎಕ್ಸರ್‌ಸೈಜ್!" ಎಂದರು. ಒಂದಿಷ್ಟು ಜನ ಕಿಸಕ್ಕೆಂದರು. ಆ ಹುಡುಗಿಯ ಅಪ್ಪ ಅಲ್ಲೇ ನಿಂತಿದ್ದರು!

ನಾನು ಎದ್ದು ನಿಂತು, ಅಂದು ಮಧ್ಯಾಹ್ನ ನನಗೂ ನನ್ನ ಮಗಳಿಗೂ ನಡುವೆ ನಡೆದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಹಾಡು ಹೇಳಿದ್ದು ಯಾರು, ಭೂಮಿ ಅಕ್ಕ. ಕರೆದಿದ್ದು ಯಾರು, ಭೂಮಿ ಅಕ್ಕ. ಕೆಡಿಸಿದ್ದು ಯಾರು, ಭೂಮಿ ಅಕ್ಕ. "ನನ್ನ ಮಗಳಿಗೆ ಐದು ವರ್ಷ. ಇದನ್ನ ಅವಳು ಸ್ಕೂಲಲ್ಲಿ ಕಲಿಯಲಿಲ್ಲ. ಈ ಬಿಲ್ಡಿಂಗಲ್ಲಿ ಕಲಿತಳು. ನಮ್ಮನೇಲಿ ಕಲಿತಳು, ನಿಮ್ಮನೇಲಿ ಕಲಿತಳು, ಗೇಟಿನ ಹತ್ರ ಕಲಿತಳು. ನಾಳೆ ನಿಮ್ಮ ಮಕ್ಕಳಲ್ಲಿ ಯಾರೋ ಒಬ್ಬರನ್ನ ಕಪ್ಪು ಅಂತಲೋ, ಕುಳ್ಳ ಅಂತಲೋ, ತೊದಲು ಅಂತಲೋ ಇದೇ ಮಕ್ಕಳು ಹೊರಗೆ ತಳ್ಳುತ್ತಾರೆ. ಆಗಲೂ ನಗ್ತೀರಾ?"

ಅಧ್ಯಕ್ಷರು ತಲೆ ತಗ್ಗಿಸಿದರು. ಆಮೇಲೆ ಬಸವರಾಜ್ ಬಳಿ ಹೋಗಿ ಏನೋ ಹೇಳಿ ಕೈ ಹಿಡಿದುಕೊಂಡರು. ಸುನಂದಾ ಮಾತ್ರ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ದೊಡ್ಡ ಭಾಷಣ ಮಾಡಿದೆನಂತೆ, ಸಣ್ಣ ವಿಷಯವನ್ನು ಎಳೆದು ರಂಪ ಮಾಡಿದೆನಂತೆ. ಆಗಲಿ.

ಮನೆಯಲ್ಲಿ ಬದಲಾವಣೆ ಒಂದೇ ದಿನಕ್ಕೆ ಆಗಲಿಲ್ಲ. ಯಾರ ಮೈಯ ಬಗ್ಗೆಯೂ ನಮ್ಮ ಮನೆಯಲ್ಲಿ ಮಾತಾಡಕೂಡದು ಎಂದು ಅತ್ತೆಗೂ ನೇರವಾಗಿಯೇ ಹೇಳಿದೆ. ಗಿರೀಶ್ ನನ್ನ ಪರ ನಿಂತರು. ಭೂಮಿಕಾಳನ್ನು ಸಂಜೆ ಮನೆಗೆ ಕರೆಯತೊಡಗಿದೆ. ಮೊದಮೊದಲು ಚಾರ್ವಿ ದೂರ ಕೂರುತ್ತಿದ್ದಳು. ಚೌಕಾಬಾರ ಆಡುತ್ತಾ ಆಡುತ್ತಾ ಹತ್ತಿರವಾದಳು. ಮತ್ತೆ ಭೂಮಿಕಾಳ ತೊಡೆಯ ಮೇಲೆ ತಲೆಯಿಟ್ಟು ಕತೆ ಕೇಳತೊಡಗಿದಳು. ಆದರೆ ಕೆಳಗಿನ ಮಕ್ಕಳ ಬಾಯಿ ಪೂರ್ತಿ ಮುಚ್ಚಲಿಲ್ಲ. ರಜೆ ಮುಗಿಯುವ ಮೊದಲೇ ಬಸವರಾಜ್ ಟಿ. ದಾಸರಹಳ್ಳಿಯಲ್ಲಿ ಮನೆ ನೋಡಿ ಸಂಸಾರ ಸಾಗಿಸಿಬಿಟ್ಟರು. ಹೊರಡುವ ದಿನ "ಹೊಸ ಮನೆ ಹೇಗಿದೆಯಮ್ಮ?" ಎಂದು ಕೇಳಿದರೆ, ಭೂಮಿಕಾ ಮುಖ ಅರಳಿಸಿ, "ನೆಲದ ಮೇಲೇ ಇದೆ ಆಂಟಿ, ಮಹಡಿನೇ ಇಲ್ಲ" ಎಂದಳು. ಹತ್ತು ವರ್ಷದ ಮಗು ಸಂತೋಷಪಡಬೇಕಾದ ಕಾರಣವೇ ಅದು?

ತಿಂಗಳ ಹಿಂದೆ ಚಾರ್ವಿಯನ್ನು ಕರೆದುಕೊಂಡು ಮೆಟ್ರೋದಲ್ಲಿ ಯಶವಂತಪುರಕ್ಕೆ ಹೊರಟಿದ್ದೆ. ದಾರಿಯಲ್ಲಿ ಒಬ್ಬ ದಪ್ಪ ಹೆಂಗಸು ಹತ್ತಿ, ಕೈಚೀಲ ಹಿಡಿದು ನಮ್ಮ ಸೀಟಿನ ಕಡೆ ಬಂದರು. ಎದುರಿಗೆ ಕೂತಿದ್ದ ಇಬ್ಬರು ಹುಡುಗರು ಮೊಣಕೈ ತಿವಿದುಕೊಂಡು ನಕ್ಕರು. ಚಾರ್ವಿಯ ತುಟಿಯ ತುದಿಯೂ ಅರಳಲು ಶುರುವಾಯಿತು. ಅಲ್ಲಿಗೇ ನಿಂತಿತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ನಗಬಹುದೋ, ಬಾರದೋ ಎಂದು ನೋಡಿದಳು. ನಾನು ನಗಲಿಲ್ಲ. "ಬನ್ನಿ ಅಕ್ಕ" ಎಂದು ಸರಿದು ಕೂತೆ. ಚಾರ್ವಿಯೂ ಸರಿದು, ತನ್ನ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಆ ಒಂದು ಗಳಿಗೆ ನನ್ನ ಎದೆಯಲ್ಲಿ ಈಗಲೂ ಹಾಗೇ ಕೂತಿದೆ. ಎಷ್ಟು ಸಲ ಈ ಮಗು ಹೀಗೇ ತಲೆಯೆತ್ತಿ ನಮ್ಮ ಮುಖಗಳನ್ನು ನೋಡಿರಬೇಕು! ಗೇಟಿನ ಬಳಿ, ಹುಟ್ಟುಹಬ್ಬಗಳಲ್ಲಿ, ಊಟಕ್ಕೆ ಕೂತಾಗ. ನೋಡಿದಾಗಲೆಲ್ಲ ಅದಕ್ಕೆ ಕಂಡದ್ದು ನಗುವ ಮುಖಗಳೇ.